ಎಂಟೂವರೆ ಗಂಟೆಯ ಸೂಜಿ

ಕಾರವಾರದಿಂದ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಎಡಬದಿಯ ನಾಲ್ಕನೆಯ ಸೀಟು ನಮ್ಮಿಬ್ಬರದು. ಯಾರೂ ಬರೆದುಕೊಟ್ಟದ್ದಲ್ಲ. ಎಂಟು ವರ್ಷ ಅಲ್ಲೇ ಕೂತ ಮೇಲೆ ಅದು ಹಾಗಾಯಿತು. ಕಿಟಕಿಯ ಪಕ್ಕ ದೇವಿದಾಸ, ಈಚೆಗೆ ನಾನು. ಅವನು ನಿದ್ರೆ ಮಾಡುತ್ತಿದ್ದ, ನಾನು ಓದುತ್ತಿದ್ದೆ. ಬೆಳಕು ಸಾಲದೆ ಹೋದಾಗ ನಾನೂ ನಿದ್ರೆ ಮಾಡುತ್ತಿದ್ದೆ. ಹೋಗುವಾಗ ಕಾಳಿ ನದಿ ನಮ್ಮ ಕಡೆ, ಬರುವಾಗ ಗುಡ್ಡ ನಮ್ಮ ಕಡೆ. ಆ ಒಂದೂವರೆ ತಾಸಿನ ದಾರಿಯಲ್ಲಿ ಎಚ್ಚರ ಎಲ್ಲಿ ಮುಗಿಯಿತು, ನಿದ್ರೆ ಎಲ್ಲಿ ಶುರುವಾಯಿತು ಎಂದು ನಾವು ಲೆಕ್ಕ ಇಟ್ಟವರಲ್ಲ. ಕಣ್ಣು ಬಿಟ್ಟರೆ ಕಡವಾಡ, ಮುಚ್ಚಿ ಬಿಟ್ಟರೆ ಮಲ್ಲಾಪುರ, ಮತ್ತೊಮ್ಮೆ ಬಿಟ್ಟರೆ ಕದ್ರಾ ಅಣೆಕಟ್ಟಿನ ನೀರು ಮಂಜಿನ ಅಡಿಯಲ್ಲಿ ಉಸಿರಾಡುತ್ತ ಮಲಗಿರುತ್ತಿತ್ತು.

ದೇವಿದಾಸ ತೀರಿಕೊಂಡು ಮೂರು ತಿಂಗಳಾಯಿತು. ಅವನ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆಯುವಂಥ ಕೆಲಸ ಅವನು ಮಾಡಲಿಲ್ಲ ಎಂದು ಅವನೇ ಹೇಳುತ್ತಿದ್ದ. ಆದರೆ ತನ್ನ ಮಗಳ ದಿನದ ಒಂದು ಹೊತ್ತನ್ನು ಅವನು ನಾಲ್ಕು ವರ್ಷ ಕಾಯ್ದುಕೊಂಡು ಬಂದ ಬಗೆ ನನಗೆ ಗೊತ್ತು. ಗೊತ್ತಿದ್ದವನು ನಾನೊಬ್ಬನೇ ಎಂದಲ್ಲ. ಬರೆಯದಿದ್ದರೆ ನಿದ್ರೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅವನ ಕೆಲಸ ನೀರಿನದು. ನದಿಯಿಂದ ಎತ್ತಿದ ನೀರಿಗೆ ಅಳತೆಯಂತೆ ಪಟಿಕವನ್ನೂ ಬೇರೆ ಮದ್ದುಗಳನ್ನೂ ಬೆರೆಸಿ ತಿಳಿಯಾಗಿಸುವ ವಿಭಾಗ. ಪಕ್ಕದ ಲ್ಯಾಬಿನಲ್ಲಿ ಅದೇ ನೀರನ್ನು ಪರೀಕ್ಷೆ ಮಾಡುವವನು ನಾನು. ಮೂರು ಶಿಫ್ಟುಗಳು ವಾರಕ್ಕೊಂದರಂತೆ ತಿರುಗುತ್ತಿದ್ದವು. ಬೆಳಿಗ್ಗೆ ಏಳರಿಂದ ಒಂದು, ಮಧ್ಯಾಹ್ನ ಮೂರರಿಂದ ಇನ್ನೊಂದು, ರಾತ್ರಿ ಹನ್ನೊಂದರಿಂದ ಮತ್ತೊಂದು. ಅಂಕೋಲಾ ಹತ್ತಿರದ ಭಾವಿಕೇರಿಯವನಾದ ದೇವಿದಾಸ ಕಾರವಾರದ ಕೋಡಿಬಾಗದಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದ. ಹೆಂಡತಿ ನೀತಾ, ಒಬ್ಬಳೇ ಮಗಳು ದೀಕ್ಷಾ, ತಾಯಿ ಮಂದಾಕಿನಿಯಮ್ಮ. ಊರಿನ ಮನೆ, ಗದ್ದೆ ತಮ್ಮ ಸಂದೀಪನ ಕೈಯಲ್ಲಿತ್ತು.

ದೀಕ್ಷಾಳಿಗೆ ಎಂಟು ತುಂಬಿದಾಗ ನೋಡಲು ನಾಲ್ಕರ ಮಗುವಿನಂತಿದ್ದಳು. ಮಾತು ಮಾತ್ರ ಎಂಟರದೇ, ಕೆಲವೊಮ್ಮೆ ಹದಿನೆಂಟರದು. ಶಾಲೆಯಲ್ಲಿ ಸಹಪಾಠಿಗಳು ಅವಳನ್ನು ಗೊಂಬೆಯಂತೆ ಎತ್ತಿಕೊಂಡು ತಿರುಗುತ್ತಿದ್ದರಂತೆ. "ನಂಗೆ ನಡೆಯೂಕೆ ಬತ್ತದೆ, ಇಳ್ಸಿ" ಎಂದು ಅವಳು ದಿನಾ ಜಗಳ ಮಾಡಿ ಬರುತ್ತಿದ್ದಳು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷೆಗಳಾದವು. ತಲೆಯೊಳಗೆ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ದೊಡ್ಡ ಒಂದು ಗ್ರಂಥಿ ಇರುತ್ತದೆ. ಬೆಳವಣಿಗೆಯ ಹಾರ್ಮೋನು ಅಲ್ಲಿಂದ ಬರಬೇಕು. ದೀಕ್ಷಾಳಲ್ಲಿ ಅದು ಬರುತ್ತಿರಲಿಲ್ಲ. ಹೊರಗಿನಿಂದ ಕೊಡಬೇಕು, ದಿನವೂ, ಚರ್ಮದ ಅಡಿಗೆ, ಪೆನ್ನಿನಂಥ ಒಂದು ಸಾಧನದಿಂದ. ಔಷಧವೇನೋ ನಮ್ಮ ಕಂಪನಿಯ ವೈದ್ಯಕೀಯ ಸೌಲಭ್ಯದಲ್ಲಿ ಸಿಗುತ್ತಿತ್ತು, ಆ ಚಿಂತೆ ಇರಲಿಲ್ಲ. ಚಿಂತೆ ಕಾಲದ್ದು. ಎಲುಬುಗಳ ತುದಿಯಲ್ಲಿ ಬೆಳೆಯುವ ಮೃದುವಾದ ಭಾಗ ಒಂದಿರುತ್ತದೆ, ಮಕ್ಕಳು ದೊಡ್ಡವರಾಗುತ್ತ ಅದು ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ ಮೇಲೆ ಎಷ್ಟು ಕೊಟ್ಟರೂ ಕೂದಲೆಳೆಯಷ್ಟೂ ಬೆಳೆಯುವುದಿಲ್ಲ. "ರಾತ್ರಿ, ಮಗು ಮಲಗುವ ಹೊತ್ತಿಗೆ ಕೊಡಿ" ಎಂದು ಹೇಳಿ ಡಾಕ್ಟರು ಕಳಿಸಿದ್ದರು.

ಮೊದಲ ಸಂಜೆ ನಾನೂ ಆ ಮನೆಯಲ್ಲಿದ್ದೆ. ದೇವಿದಾಸ ಕೈ ತೊಳೆದು, ಪೆನ್ನು ಹಿಡಿದು, ಅಳತೆ ತಿರುಗಿಸಿ ಕೂತಿದ್ದ. ದೇವರ ಮುಂದೆ ದೀಪ ಹಚ್ಚಿ ಬಂದ ಮಂದಾಕಿನಿಯಮ್ಮ ಬಾಗಿಲಲ್ಲೇ ನಿಂತರು.

"ಎಂತದೋ ಅದು?"

"ಇಂಜೆಕ್ಷನ್ನು ಆಯಿ."

"ಸೂಜಿ ಅದ್ಯಾ ಅದಕ್ಕೆ?"

"ಸೂಜಿ ಇಲ್ದೆ ಇಂಜೆಕ್ಷನ್ನು ಹೆಂಗಾತದೆ?"

"ದೀಪ ಹಚ್ಚಿ ಆಯ್ತು. ಇನ್ನು ಈ ಮನೇಲಿ ಸೂಜಿ ತೆಗೆಯೂದಿಲ್ಲ. ಅಂಗಿ ಗುಂಡಿ ಹೊಲಿಯೂಕೇ ನಾ ಬಿಡೂದಿಲ್ಲ, ಮಗಿನ ಮೈಗೆ ಚುಚ್ಚೂಕೆ ಬಿಡ್ತೆನಾ?"

"ರಾತ್ರೆನೇ ಕೊಡಿ ಅಂದಾರೆ ಡಾಕ್ಟ್ರು."

"ಡಾಕ್ಟ್ರ ಮನೇಲಿ ದೀಪ ಹಚ್ಚೂರು ಯಾರೂ ಇಲ್ಲ ಕಾಣ್ತದೆ."

ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯುವುದಿಲ್ಲ, ಪಕ್ಕದ ಮನೆಯವರು ಕೇಳಿದರೆ ಕೊಡುವುದೂ ಇಲ್ಲ. ಮನೆಗೆ ಬಂದ ಲಕ್ಷ್ಮಿಯ ಎದುರು ಚುಚ್ಚುವ ವಸ್ತು ಬೇಡ ಎಂದು. ನೀತಾ ಗಂಡನ ಮುಖ ನೋಡಿದಳು. ದೇವಿದಾಸ ಪೆನ್ನನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟ. ಮರುದಿನ ಬೆಳಿಗ್ಗೆ ಕೊಟ್ಟ. ಅದೇ ರೂಢಿಯಾಯಿತು.

ಆ ವಾರ ಬಸ್ಸಿನಲ್ಲಿ ನನಗೆ ಅವನು ಹೇಳಿದ ಮಾತು ಇದು: "ದಿನಕ್ಕೆ ಇಪ್ಪತ್ನಾಕು ತಾಸು. ಬೆಳಿಗ್ಗೆ ಕೊಟ್ರೂ ದಿನಕ್ಕೊಂದೇ, ರಾತ್ರೆ ಕೊಟ್ರೂ ದಿನಕ್ಕೊಂದೇ. ನಾವು ನೀರಿಗೆ ಪಟಿಕ ಹಾಕೂದು ಹೊತ್ತು ನೋಡಿಯಾ? ಅಳ್ತೆ ಸರಿ ಇದ್ರೆ ಸಾಕು, ಅಲ್ದಾ ನಿತೇಶ?"

ನಾನು ಹೌದು ಎಂದೆ. ಪುಸ್ತಕ ಓದುವವನು ನಾನು, ಅವನು ನನ್ನನ್ನು ಕೇಳಿದ್ದ, ನಾನು ಹೌದು ಎಂದೆ. ನಮಗಿಬ್ಬರಿಗೂ ರಾತ್ರಿ ಮೂರು ಗಂಟೆಯೂ ಮಧ್ಯಾಹ್ನ ಮೂರು ಗಂಟೆಯೂ ಒಂದೇ. ಟ್ಯೂಬ್‌ಲೈಟಿನ ಕೆಳಗೆ ಪಂಪುಗಳು ಒಂದೇ ಸ್ವರದಲ್ಲಿ ಗುಂಯ್ಗುಡುತ್ತಿರುತ್ತವೆ. ಹೊತ್ತು ಎಂಬುದು ನೋಂದಣಿ ಪುಸ್ತಕದ ಎಡಗಡೆಯ ಕಾಲಂ, ಅಷ್ಟೇ. ಬೇರೆ ಕೆಲಸದವರಾಗಿದ್ದರೆ ನಾವು ಹಾಗೆ ಯೋಚಿಸುತ್ತಿರಲಿಲ್ಲವೇನೋ.

ಒಂದು ದಿನವೂ ಅವನು ತಪ್ಪಿಸಲಿಲ್ಲ. ಬೆಳಗಿನ ಶಿಫ್ಟ್ ಇದ್ದರೆ ನಸುಕು ಹರಿಯುವ ಮೊದಲೇ ನಿದ್ರೆಯಲ್ಲಿದ್ದ ಮಗುವಿನ ತೊಡೆ ಹಿಡಿದು ಕೊಡುತ್ತಿದ್ದ. ರಾತ್ರಿ ಶಿಫ್ಟ್ ಮುಗಿಸಿದ ದಿನ ಒಂಬತ್ತರ ಮೇಲೆ, ಶಾಲೆಗೆ ಹೊರಟ ಮಗುವನ್ನು ನಿಲ್ಲಿಸಿ. ನೀತಾ ಒಮ್ಮೆ ಪ್ರಯತ್ನಿಸಿದಳು. ಕೈ ನಡುಗಿ, ಅರ್ಧ ಔಷಧ ಮಗುವಿನ ತೊಡೆಯ ಮೇಲೆ ಹರಿದುಹೋಯಿತು. ಮಗುವಿಗಿಂತ ಹೆಚ್ಚು ಅತ್ತವಳು ಅವಳೇ.

ಒಂದು ವರ್ಷ ಕಳೆದು, ಎರಡು ಸಾವಿರದ ಮೂರನೆಯ ಇಸವಿಯ ಡಿಸೆಂಬರಿನಲ್ಲಿ ಮಂಗಳೂರಿಗೆ ಹೋದಾಗ ಜೊತೆಗೆ ಬಾ ಎಂದು ನನ್ನನ್ನೂ ಕರೆದ. ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದವರು. ದೀಕ್ಷಾಳನ್ನು ಗೋಡೆಗೆ ನಿಲ್ಲಿಸಿ ಅಳೆದರು, ಇನ್ನೊಮ್ಮೆ ಅಳೆದರು. ಮೊದಲ ವರ್ಷದಲ್ಲಿ ಎಂಟರಿಂದ ಹತ್ತು ಸೆಂಟಿಮೀಟರ್ ಏರಬೇಕಿತ್ತು. ಐದೂ ಆಗಿರಲಿಲ್ಲ.

"ಎಷ್ಟು ದಿನ ತಪ್ಪಿತ್ತು?"

"ಒಂದ್ ದಿನಾನೂ ಇಲ್ಲ ಮೇಡಂ." ದೇವಿದಾಸ ತನ್ನ ನೋಟ್‌ಬುಕ್ಕು ತೆಗೆದುಕೊಟ್ಟ. ತಾರೀಕು, ಅಳತೆ, ಎಡತೊಡೆಯೋ ಬಲತೊಡೆಯೋ, ಹೊತ್ತು. ಅವನಿಗೆ ಅದರ ಬಗ್ಗೆ ಹೆಮ್ಮೆ ಇತ್ತು.

ಡಾಕ್ಟರು ನಾಲ್ಕು ಹಾಳೆ ತಿರುಗಿಸಿ ನಿಂತರು. "ನಾಲ್ಕು ಮೂವತ್ತು. ಎಂಟು ಹತ್ತು. ಒಂಬತ್ತು ಇಪ್ಪತ್ತು. ಇದೆಲ್ಲ ಬೆಳಿಗ್ಗೆಯದ್ದಾ?"

"ಹೌದು. ಮನೇಲಿ ಸ್ವಲ್ಪ... ರಾತ್ರೆ ಆಗೂದಿಲ್ಲ. ಡೋಸು ಅದೇ ಅಲ್ವಾ ಮೇಡಂ?"

"ಡೋಸು ಅದೇ. ತಗೊಳ್ಳುವ ಮೈ ಎಲ್ಲ ಹೊತ್ತಿಗೂ ಅದೇ ಅಲ್ಲ."

ಅವರು ಬೈಯಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಆರೋಗ್ಯವಂತ ಮಗುವಿನ ಮೈಯಲ್ಲಿ ಈ ಹಾರ್ಮೋನು ದಿನವಿಡೀ ಒಂದೇ ಸಮ ಇರುವುದಿಲ್ಲ, ಅಲೆಯಂತೆ ಬಂದು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಅಲೆ ಬರುವುದು ರಾತ್ರಿ, ಗಾಢ ನಿದ್ರೆ ಹತ್ತಿದ ಮೊದಲ ಒಂದೆರಡು ತಾಸಿನಲ್ಲಿ. ಮೈಯ ಉಳಿದ ಕೆಲಸಗಳೂ ಅದಕ್ಕೆ ಹೊಂದಿಕೊಂಡಿರುತ್ತವೆ. ಹಗಲು ಮೈ ಉಂಡದ್ದನ್ನು ಅರಗಿಸುವ ಗಡಿಬಿಡಿಯಲ್ಲಿರುತ್ತದೆ. ರಾತ್ರಿ ಅದು ಕೂಡಿಟ್ಟ ಕೊಬ್ಬನ್ನು ಕರಗಿಸಿ ಶಕ್ತಿ ಮಾಡಿಕೊಂಡು, ಕಟ್ಟುವ ಕೆಲಸಕ್ಕೆ ತೊಡಗುತ್ತದೆ. ಅದೇ ಔಷಧವನ್ನು ಬೆಳಿಗ್ಗೆ ಕೊಟ್ಟರೆ ಮೈ ಒಂದು ರೀತಿ ಉತ್ತರ ಕೊಡುತ್ತದೆ, ಸಂಜೆ ಕೊಟ್ಟರೆ ಇನ್ನೊಂದು ರೀತಿ. "ಎತ್ತರದಲ್ಲಿ ವ್ಯತ್ಯಾಸ ಎಷ್ಟಾಗುತ್ತದೆ ಅಂತ ಎಲ್ಲರೂ ಒಪ್ಪುವುದಿಲ್ಲ. ಇವಳು ಬೆಳೆಯದೆ ಇದ್ದದ್ದು ಇದರಿಂದಲೇ ಅಂತ ನಾನು ಆಣೆ ಮಾಡಲಾರೆ. ಅಳತೆಯನ್ನೂ ಸ್ವಲ್ಪ ಏರಿಸ್ತೇನೆ. ಆದರೆ ಇವಳಿಗೆ ಉಳಿದಿರುವುದು ನಾಲ್ಕೈದು ವರ್ಷ. ಮೈ ಕೇಳುವ ಹೊತ್ತನ್ನು ಬಿಟ್ಟು ಬೇರೆ ಹೊತ್ತಿಗೆ ಯಾಕೆ ಕೊಡಬೇಕು?"

ವಾಪಸು ಬರುವ ರೈಲಿನಲ್ಲಿ ದೀಕ್ಷಾ ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಮಲಗಿದ್ದಳು. ಅಷ್ಟು ಸಣ್ಣವಳು, ಇಬ್ಬರ ತೊಡೆಯೇ ಅವಳಿಗೆ ಸಾಕಾಗುತ್ತಿತ್ತು. ಕುಂದಾಪುರ ದಾಟಿ ಹಿನ್ನೀರಿನ ಮೇಲೆ ಸಂಜೆಯ ಬೆಳಕು ಬಿದ್ದಿತ್ತು, ಸುರಂಗದೊಳಗೆ ಹೊಕ್ಕಾಗ ಆರಿ ಮತ್ತೆ ಹತ್ತುತ್ತಿತ್ತು. ದೇವಿದಾಸ ಮಗಳ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತಿದ್ದ. ತಾಸು ಕಳೆದ ಮೇಲೆ, "ಇವಳ್ದು ಒಂದ್ ವರ್ಷ ನಾ ತಿಂದೆ ಮಾರಾಯ" ಎಂದ. ನಾನು ತಿಂದದ್ದೂ ಅದರಲ್ಲಿ ಇತ್ತು.

ಮರುದಿನ ಭಾನುವಾರ. ಮಂದಾಕಿನಿಯಮ್ಮ ಜಗಲಿಯ ಮೇಲೆ ಒಣ ಸೀಗಡಿಯ ತಲೆ ಮುರಿಯುತ್ತ ಕೂತಿದ್ದರು. ಅವನು ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದ. ಅಲೆ, ನಿದ್ರೆ, ಎಲುಬು, ಉಳಿದ ವರ್ಷಗಳು. ದನಿ ಏರಿಸಲಿಲ್ಲ. ಅವರು ಕೈಯಲ್ಲಿದ್ದ ಮುಷ್ಟಿ ಸೀಗಡಿ ಮುಗಿಸಿದರು.

"ರಾತ್ರೆ ಎಷ್ಟ್ ಹೊತ್ತಿಗೆ ಬತ್ತದೆ ಅದು?"

"ಯಾವ್ದು ಆಯಿ?"

"ಮೈಯೊಳಗಿನ ಭರತಿ. ನೀ ಹೇಳಿದ್ಯಲ್ಲ."

"ನಿದ್ದೆ ಹತ್ತಿ ಒಂದ್ ತಾಸಿಗೆ."

ಮಂದಾಕಿನಿಯಮ್ಮ ಗಜನಿಯ ಹೆಂಗಸು. ಹೊಳೆ ಕಡಲಿಗೆ ಸೇರುವಲ್ಲಿ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳನ್ನು ನಮ್ಮಲ್ಲಿ ಗಜನಿ ಎನ್ನುತ್ತಾರೆ. ಅದರ ಕಟ್ಟೆಗೊಂದು ಹಲಗೆಯ ಬಾಗಿಲು ಇರುತ್ತದೆ. ಭರತಿಯಲ್ಲಿ, ಅಂದರೆ ಕಡಲು ಉಬ್ಬಿ ನೀರು ಏರುವಾಗ, ಹಲಗೆ ಎತ್ತಿದರೆ ನೀರಿನ ಜೊತೆ ಮೀನು, ಸೀಗಡಿ, ಗೊಬ್ಬರದ ಮಣ್ಣು ಒಳಗೆ ಬರುತ್ತವೆ. ಭಾವಿಕೇರಿಯಲ್ಲಿ ಆ ಬಾಗಿಲು ನೋಡಿಕೊಳ್ಳುವ ಸರದಿ ಅವರ ಗಂಡನ ಮನೆಗೂ ಇತ್ತು.

"ನಿನ್ನ ಅಪ್ಪ ಒಂದ್ ಸಲ ನಿದ್ದೆ ಹೊಡ್ದ" ಎಂದರು. "ಎದ್ದು ಓಡಿ ಹೋಗಿ ಹಲಗೆ ಎತ್ತಿದ, ಅಷ್ಟೊತ್ತಿಗೆ ಇಳತ ಶುರುವಾಗಿತ್ತು. ಒಳಗೆ ಬರೂದು ಬಿಡು, ಇದ್ದದ್ದೂ ಹೊಳೆಗೆ ಹೋಯ್ತು. ಊರೆಲ್ಲ ನಗಾಡ್ತು. ಅದೇ ಹಲಗೆ, ಅದೇ ಕೈ."

ಅವರು ಇನ್ನೊಂದು ಮುಷ್ಟಿ ಸೀಗಡಿ ಎತ್ತಿಕೊಂಡರು.

"ನೀ ಒಂದ್ ವರ್ಷ ಮುಂಚೆ ಇದನ್ನ ಹೀಗೆ ಹೇಳೂಕೆ ಎಂತ ಆಗಿತ್ತು? ಡಾಕ್ಟ್ರು ಅಂದ್ರು, ಡಾಕ್ಟ್ರು ಅಂದ್ರು ಅಂದೆ ಅಷ್ಟೇ. ಅಂದದ್ದು ಎಂತಕ್ಕೆ ಅಂತ ನಿಂಗೇ ಗೊತ್ತಿರ್ಲಿಲ್ಲ."

"ಇರ್ಲಿಲ್ಲ."

"ಎಷ್ಟ್ ಗಂಟೆಗೆ ಕೊಡ್ಬೇಕು?"

"ಎಂಟೂವರೆಗೆ ಕೊಟ್ರೆ ಒಂಬತ್ತಕ್ಕೆ ಮಲಗ್ತಾಳೆ."

"ಆಯ್ತು. ದೀಪ ಹಚ್ಚೂಳು ನಾನು. ಸೂಜಿ ಆದ ಮೇಲೆ ಹಚ್ತೆ."

ನಿಯಮವನ್ನು ಅವರು ಮುರಿಯಲಿಲ್ಲ. ದೀಪವನ್ನೇ ಮುಂದೆ ಹಾಕಿದರು. ಅಂದಿನಿಂದ ಕೋಡಿಬಾಗದ ಆ ಓಣಿಯಲ್ಲಿ ಎಲ್ಲ ತುಳಸಿಕಟ್ಟೆಗಳಲ್ಲಿ ದೀಪ ಹತ್ತಿದರೂ ಒಂದು ಮನೆಯದು ಹತ್ತುತ್ತಿರಲಿಲ್ಲ. ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಅದು ಅವರ ಎಣಿಕೆಯಲ್ಲಿ ದೀಪವಲ್ಲ. ಪಕ್ಕದ ಮನೆಯ ಬೇಬಿ ಒಂದು ವಾರ ನೋಡಿ, ಹತ್ತು ದಿನ ನೋಡಿ, ಬೇಲಿಯ ಮೇಲಿಂದ ಕೇಳಿಯೇಬಿಟ್ಟಳು.

"ಏನ್ರೀ ಮಂದಾಕಿನಿಯಕ್ಕ, ನಿಮ್ಮನೆಗೆ ಲಕ್ಷ್ಮಿ ಸೆಕೆಂಡ್ ಶಿಫ್ಟಿಗೆ ಬತ್ತಾಳಾ?"

"ಹೌದೇ ಬೇಬಿ. ನನ್ನ ಮಗ ಕೈಗಾದಲ್ಲಿ ಇರೂದಲ್ವಾ, ಲಕ್ಷ್ಮಿಗೂ ಶಿಫ್ಟೇಯ. ನಿಮ್ಮನೆಗೆ ಆರು ಗಂಟೆಗೇ ಬಂದು ಕೂತು ಬೇಜಾರಾಗಿ ಎದ್ದು ಬತ್ತಾಳೆ."

ನಾನು ಆ ಸಂಜೆಗಳನ್ನು ಕೆಲವು ಸಲ ನೋಡಿದ್ದೇನೆ. ಏಳು ಗಂಟೆಗೆ ದೀಕ್ಷಾಳ ಊಟ. ಎಂಟೂವರೆಗೆ ದೇವಿದಾಸ ಪೆನ್ನಿನ ಗುಂಡಿ ಒತ್ತಿ ಹಿಡಿದು ಹತ್ತರವರೆಗೆ ಎಣಿಸುತ್ತಿದ್ದ. ಮಗಳು ಅವನ ಜೊತೆ ಕೊಂಕಣಿಯಲ್ಲಿ ಎಣಿಸುತ್ತಿದ್ದಳು, ಅವನ ಎಣಿಕೆ ತಪ್ಪಿಸಲು. ಸೂಜಿ ಡಬ್ಬಿಗೆ ಬಿದ್ದ ಸದ್ದು ಕೇಳಿದ ಮೇಲೆ ಮಂದಾಕಿನಿಯಮ್ಮ ಏಳುತ್ತಿದ್ದರು. ಟ್ಯೂಬ್‌ಲೈಟು ಆರಿಸುತ್ತಿದ್ದರು, ದೀಪ ಹಚ್ಚುತ್ತಿದ್ದರು. ಆ ಸಣ್ಣ ಬೆಳಕಿನಲ್ಲಿ ಮನೆಯ ಗೋಡೆಗಳು ಹಿಂದೆ ಸರಿದಂತೆ ಕಾಣುತ್ತಿದ್ದವು, ದೀಕ್ಷಾಳ ರೆಪ್ಪೆ ಭಾರವಾಗುತ್ತಿತ್ತು. ಕಾಳಿಯ ಅಳಿವೆಯಿಂದ ಬರುವ ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆಮೇಲೆ ದೇವಿದಾಸ ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದು, ಮೆಟ್ಟಿಲ ಮೇಲೆ ಮೆಟ್ಟಿಕೊಂಡು, ರಾತ್ರಿ ಬಸ್ಸಿಗೆ ನಡೆಯುತ್ತಿದ್ದ.

ತೊಡಕು ಇದ್ದದ್ದು ಮಧ್ಯಾಹ್ನದ ಶಿಫ್ಟಿನಲ್ಲಿ. ಮೂರಕ್ಕೆ ಹೋದರೆ ಮನೆ ಸೇರುವುದು ನಡುರಾತ್ರಿಯ ಮೇಲೆ. ಎಂಟೂವರೆಗೆ ಸೂಜಿ ಹಿಡಿಯುವವರು ಯಾರು? ನೀತಾ ಇನ್ನೆರಡು ಸಲ ಪ್ರಯತ್ನಿಸಿ ಸೋತಳು. ದೇವಿದಾಸ ತನ್ನ ಮಧ್ಯಾಹ್ನದ ಶಿಫ್ಟು ಬೇರೆಯವರಿಗೆ ಕೊಟ್ಟು ಅವರ ರಾತ್ರಿಯನ್ನು ತಾನು ತೆಗೆದುಕೊಳ್ಳತೊಡಗಿದ. ನಿಯಮ ಅವಕಾಶ ಕೊಡುವಷ್ಟು, ಅರ್ಜಿ ಬರೆದು, ಸಹಿ ಮಾಡಿಸಿ. ರಾತ್ರಿ ಬೇಡ ಎನ್ನುವವರಿಗೆ ಎಲ್ಲಿಯ ಕೊರತೆ? ಮೂರು ವಾರದಲ್ಲಿ ಒಂದು ವಾರ ಇದ್ದ ರಾತ್ರಿ ಅವನಿಗೆ ಎರಡು ವಾರವಾಯಿತು. ಹೀಗೆ ನಾಲ್ಕು ವರ್ಷ.

"ದೇವಿದಾಸಣ್ಣ, ರಾತ್ರೆ ಅಂದ್ರೆ ನಿಂಗೆ ಅಷ್ಟ್ ಪ್ರೀತಿ ಎಂತಕ್ಕೆ? ಮನೇಲಿ ಅತ್ತಿಗೆ ಹೊಡೀತ್ರಾ?" ಎಂದು ಜೊತೆಯವನಾದ ರಾಜು ಕೇಳುತ್ತಿದ್ದ.

"ಹೊಡೆಯೂದು ಹಗಲು ಮಾರಾಯ. ರಾತ್ರೆ ಅವಳಿಗೂ ನಿದ್ದೆ ಬೇಕಲ್ಲ."

ನನ್ನ ರಾತ್ರಿಯ ವಾರ ಬಂದಾಗ ನಾವು ಮತ್ತೆ ಒಂದೇ ಸೀಟು. ಕಾಡಿನೊಳಗೆ ಬಸ್ಸಿನ ದೀಪ ಬಿದ್ದಷ್ಟೇ ಜಗತ್ತು, ಉಳಿದದ್ದೆಲ್ಲ ಎಲೆ. ಕೆಲಸಕ್ಕೆ ಸೇರಿ, ಮೊದಲ ಮಾಪನಗಳನ್ನು ಬರೆದು, ಅವನು ಚಹಾದ ಲೋಟ ಹಿಡಿದು ಹೊರಗಿನ ಕಟ್ಟೆಗೆ ಬರುತ್ತಿದ್ದ. ನೀರಿನ ತೊಟ್ಟಿಗಳ ಮೇಲೆ ನಕ್ಷತ್ರಗಳು ಅಲುಗದೆ ಬಿದ್ದಿರುತ್ತಿದ್ದವು. ಚುಚ್ಚಿದ ಔಷಧ ಮೈಯಲ್ಲಿ ತುಂಬಿ ಏರುವುದು ಮೂರ್ನಾಲ್ಕು ತಾಸಿಗೆ ಎಂದು ಡಾಕ್ಟರು ಹೇಳಿದ್ದರು. ಅವನು ಒಮ್ಮೆ ಗಡಿಯಾರ ನೋಡಿ, "ಈಗ"  ಎನ್ನುತ್ತಿದ್ದ. ಅಷ್ಟೇ. ಐವತ್ತು ಕಿಲೋಮೀಟರ್ ಆಚೆ ಕೋಡಿಬಾಗದ ಕೋಣೆಯಲ್ಲಿ ಹೊದಿಕೆಯ ಅಡಿಗೆ ಒಂದು ಮಗು ಬೆಳೆಯುತ್ತಿತ್ತು. ಕಿವಿಗೊಟ್ಟರೆ ಕೇಳಿಸುತ್ತದೇನೋ ಎಂಬಂತೆ ಅವನು ನಿಲ್ಲುತ್ತಿದ್ದ. ನಾನೂ ನಿಲ್ಲುತ್ತಿದ್ದೆ.

ಅವನ ಸ್ವಂತ ನಿದ್ರೆ ಹಗಲಿಗೆ ಹೋಯಿತು. ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗುತ್ತಿದ್ದ. ಮೀನು ತರುವವಳು ಕೂಗುವುದು, ಬೇಬಿಯ ರೇಡಿಯೋ, ಹಿತ್ತಲಿನ ಬಟ್ಟೆ ಒಗೆಯುವ ಸದ್ದು ಎಲ್ಲ ಅವನ ನಿದ್ರೆಯೊಳಗೆ ಬಂದು ಕೂತು ಹೋಗುತ್ತಿದ್ದವು. "ಹಗಲಿನ ಕನಸು ತೆಳ್ಳಗೆ ಇರ್ತದೆ ನಿತೇಶ, ಆಚೆ ಬದಿ ಕಾಣ್ತದೆ" ಎನ್ನುತ್ತಿದ್ದ. ಒಂದು ಕನಸು ಅವನಿಗೆ ಮತ್ತೆ ಮತ್ತೆ ಬೀಳುತ್ತಿತ್ತು. ನಮ್ಮ ದೊಡ್ಡ ತೊಟ್ಟಿಯಲ್ಲಿ, ನೀರಿನ ಮಟ್ಟ ಅಳೆಯುವ ಪಟ್ಟಿಯ ಪಕ್ಕ, ದೀಕ್ಷಾ ನಿಂತಿದ್ದಾಳೆ. ನೀರು ಏರುತ್ತಿದೆ. ಅವನು ಓಡುವುದಿಲ್ಲ, ಕೂಗುವುದಿಲ್ಲ, ಪಟ್ಟಿ ನೋಡಿ ಬರೆದುಕೊಳ್ಳುತ್ತಿದ್ದಾನೆ. ನೀರು ಎಷ್ಟು ಏರಿದರೂ ಅವಳ ತಲೆ ಒಂದು ಗೇಣು ಮೇಲೆಯೇ ಇರುತ್ತದೆ. ಅಷ್ಟು ಸಮಾಧಾನದ ಕನಸು ಬೇರೆ ಇಲ್ಲ ಎಂದು ಹೇಳುವಾಗ ಅವನ ಕಣ್ಣ ಕೆಳಗಿನ ಕಪ್ಪು ನನಗೆ ಕಾಣುತ್ತಿತ್ತು. ಇಡೀ ಮನೆಯಲ್ಲಿ ಒಬ್ಬಳ ಗಡಿಯಾರ ಸರಿಹೋಗಿತ್ತು, ಒಬ್ಬನದು ಕೆಟ್ಟಿತ್ತು. ಎರಡು ಸಲ ಅದನ್ನು ಹೇಳಿದೆ. ಎರಡನೆಯ ಸಲ ಅವನು, "ಎಲುಬು ಮುಚ್ಚಿದ ಮರುದಿವ್ಸ ನಾನೂ ಮಲಗ್ತೆ ಮಾರಾಯ, ಒಂದ್ ತಿಂಗ್ಳು ಎಬ್ಬಿಸಬೇಡ" ಎಂದ.

ಆ ಎರಡನೆಯ ವರ್ಷ ದೀಕ್ಷಾ ಎಂಟು ಸೆಂಟಿಮೀಟರ್ ಬೆಳೆದಳು. ಅದರ ಮುಂದಿನ ವರ್ಷ ಏಳೂವರೆ. ಹೊತ್ತಿನಿಂದಲೋ, ಏರಿಸಿದ ಅಳತೆಯಿಂದಲೋ ಡಾಕ್ಟರು ಹೇಳಲಿಲ್ಲ. ದೇವಿದಾಸನಿಗೆ ಅನುಮಾನವೇ ಇರಲಿಲ್ಲ. ಏಳನೆಯ ತರಗತಿಗೆ ಬಂದಾಗ ಅವಳು ಅಮ್ಮನ ಭುಜಕ್ಕೆ ಬರುತ್ತಿದ್ದಳು, ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. ಹೋದ ಜೂನಿನಲ್ಲಿ ಎಡಗೈಯ ಎಕ್ಸ್‌ರೇ ನೋಡಿ ಡಾಕ್ಟರು, ಎಲುಬಿನ ತುದಿ ಇನ್ನೂ ತೆರೆದಿದೆ, ಎರಡು ವರ್ಷ ಸಿಗಬಹುದು, ಈಗ ಒಂದು ದಿನವನ್ನೂ ಕಳೆದುಕೊಳ್ಳಬೇಡಿ, ಅತಿ ಹೆಚ್ಚು ಬೆಳೆಯುವ ಕಾಲ ಇದೇ ಎಂದಿದ್ದರು.

ನವೆಂಬರಿನ ಒಂದು ಬೆಳಿಗ್ಗೆ, ರಾತ್ರಿ ಶಿಫ್ಟ್ ಮುಗಿಸಿ ಬರುತ್ತಿದ್ದೆವು. ಮಲ್ಲಾಪುರ ದಾಟುವ ಹೊತ್ತಿಗೆ ದೇವಿದಾಸ ನಿದ್ರೆಹೋದ. ಹೊಳೆಯ ಮೇಲಿಂದ ಎದ್ದ ಮಂಜು ರಸ್ತೆಗೆ ಬಂದಿತ್ತು, ಬಸ್ಸು ನಿಧಾನವಾಗಿ ತೇಲಿದಂತೆ ಹೋಗುತ್ತಿತ್ತು. ನಾನು ಓದುತ್ತಿದ್ದೆ. ಎಲ್ಲೋ ಒಂದು ತಿರುವಿನಲ್ಲಿ ಅವನ ತಲೆ ನನ್ನ ಹೆಗಲಿಗೆ ಬಂತು. ಅವನಿಗೆ ಒಳ್ಳೆಯ ನಿದ್ರೆ ಬಿದ್ದಿದೆ ಎಂದು ನಾನು ಹಾಳೆ ತಿರುಗಿಸುವುದನ್ನೂ ಬಿಟ್ಟೆ. ತೋಳು ಜೋಮು ಹಿಡಿಯಿತು, ಅಲುಗಲಿಲ್ಲ. ಕೋಡಿಬಾಗ ಬಂದಾಗ ಎಬ್ಬಿಸಿದೆ, ಏಳಲಿಲ್ಲ.

ಎಷ್ಟು ಹೊತ್ತಿನಿಂದ ಹೀಗಿದ್ದರು ಎಂದು ಆಸ್ಪತ್ರೆಯಲ್ಲಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೃದಯ ನಿಂತಿದೆ ಎಂದರು. ನಲವತ್ತಾರು ವರ್ಷ. ನಿದ್ರೆ ಕೆಟ್ಟು ಹೀಗಾಯಿತು ಎಂದು ಕೆಲವರು ಹೇಳುತ್ತಾರೆ, ಅವನ ಅಪ್ಪನದೂ ಹೃದಯವೇ ಎಂದು ಕೆಲವರು. ನಾನು ಯಾವುದನ್ನೂ ಹೇಳಲಾರೆ.

ಮಧ್ಯಾಹ್ನ ಅವನನ್ನು ಭಾವಿಕೇರಿಗೆ ಒಯ್ದೆವು. ಹಿಂದಿನ ಗಾಡಿಯಲ್ಲಿ ನೀತಾ, ಮಂದಾಕಿನಿಯಮ್ಮ, ದೀಕ್ಷಾ, ನಾನು. ದೀಕ್ಷಾ ಒಂದು ಥರ್ಮಾಸು ಫ್ಲಾಸ್ಕನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಅಜ್ಜಿಗೆ ಚಹಾ ತಂದಿದ್ದಾಳೆ ಎಂದುಕೊಂಡೆ. ಎಡಕ್ಕೆ ಗುಡ್ಡ, ಬಲಕ್ಕೆ ಕಡಲು, ಬಿಸಿಲು. ಸಂಜೆಯೊಳಗೆ ಸಂದೀಪ ಅಣ್ಣನ ಚಿತೆಗೆ ಬೆಂಕಿ ಕೊಟ್ಟ.

ಮನೆಗೆ ಬಂದು ಸ್ನಾನ ಮಾಡಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ದೇವಿದಾಸನನ್ನು ಮಲಗಿಸಿದ್ದ ಜಾಗದಲ್ಲಿ ಅಕ್ಕಿಯ ಮೇಲೆ ಒಂದು ದೀಪ ಇಟ್ಟಿದ್ದರು. ಹನ್ನೊಂದು ದಿನ ಅದು ಆರಬಾರದು. ಹೆಂಗಸರು ಹೊಸಬರು ಬಂದ ಹಾಗೆಲ್ಲ ಮತ್ತೆ ಅಳುತ್ತಿದ್ದರು. ಮಂದಾಕಿನಿಯಮ್ಮ ಮಾತ್ರ ಬೆಳಗಿನಿಂದ ಅತ್ತಿರಲಿಲ್ಲ. ಆಗ ದೀಕ್ಷಾ ಗೋಡೆಯ ಬದಿಯಿಂದ ಎದ್ದು ಬಂದು, ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಒಳಗೆ ಐಸಿನ ಚೂರು, ಅದರ ನಡುವೆ ಬಟ್ಟೆಯಲ್ಲಿ ಸುತ್ತಿದ ಪೆನ್ನು.

ಪುಟ್ಟು ಎಂಬ ಹಿರಿಯ ಅತ್ತೆ ಅವಳ ಕೈ ಹಿಡಿದರು. "ಎಂತ ಮಾಡ್ತೆ ಮಗಾ? ದೀಪ ಉರೀತಾ ಅದೆ, ನಿನ್ನ ಅಪ್ಪಂದು. ಇವತ್ತೊಂದ್ ದಿನ ಬಿಡು."

ದೀಕ್ಷಾ ಅಜ್ಜಿಯನ್ನು ನೋಡಿದಳು. ಎಲ್ಲರೂ ಅವರನ್ನೇ ನೋಡಿದರು. ಈ ದೀಪವನ್ನು ಮುಂದೆ ಹಾಕುವಂತಿರಲಿಲ್ಲ.

"ಎಷ್ಟಾಯ್ತು ಗಂಟೆ?" ಮಂದಾಕಿನಿಯಮ್ಮ ಕೇಳಿದರು.

"ಎಂಟೂವರೆಗೆ ಐದ್ ನಿಮಿಷ ಅದೆ" ಎಂದೆ.

ಅವರು ಕೂತಲ್ಲಿಂದಲೇ ಜರುಗಿದರು. ಜರುಗಿ ಜರುಗಿ ದೀಪಕ್ಕೂ ಮೊಮ್ಮಗಳಿಗೂ ನಡುವೆ ಬಂದು, ದೀಪಕ್ಕೆ ಬೆನ್ನು ಮಾಡಿ ಕೂತು, ಸೆರಗನ್ನು ಎರಡೂ ಕೈಯಿಂದ ಅಗಲವಾಗಿ ಹಿಡಿದರು. ಅವರ ನೆರಳು ದೀಕ್ಷಾಳನ್ನು ಪೂರ್ತಿ ಮುಚ್ಚಿತು.

"ನಾ ಅಡ್ಡ ಕೂತೆ. ಕೊಡಿ."

ನೀತಾ ಕೈ ಚಾಚಿದಳು. ನಾನೂ ಎದ್ದೆ.

"ಬೇಡ ಅಮ್ಮ, ನಾನೇ" ಎಂದಳು ದೀಕ್ಷಾ. ಅವಳು ಹಿಂದೆ ಎಂದೂ ತಾನೇ ಕೊಟ್ಟುಕೊಂಡಿರಲಿಲ್ಲ. ಅಪ್ಪ ಮಾಡುವುದನ್ನು ಐದು ವರ್ಷ ನೋಡಿದ್ದಳು. ಆ ನೆರಳಿನೊಳಗೆ ಅವಳ ಮುಖ ನನಗೆ ಕಾಣಲಿಲ್ಲ, ಎಣಿಸುವ ದನಿ ಮಾತ್ರ ಕೇಳಿತು. ಎಂಟಕ್ಕೆ ಬಂದಾಗ ದನಿ ಒಡೆಯಿತು, ಆದರೆ ಹತ್ತರವರೆಗೂ ಎಣಿಸಿದಳು.

"ಇನ್ನು ಮಲಗು."

"ನಿದ್ದೆ ಬರೂದಿಲ್ಲ ಅಜ್ಜಿ."

"ಬತ್ತದೆ. ಬಾ ಇಲ್ಲಿ." ಮಂದಾಕಿನಿಯಮ್ಮ ಒಳಗಿನ ಕೋಣೆಗೆ ಚಾಪೆ ಒಯ್ದರು. ಹೊಸ್ತಿಲಲ್ಲಿ ತಿರುಗಿ, ನಡುಮನೆಯಲ್ಲಿ ಕೂತಿದ್ದ ಇಪ್ಪತ್ತು ಮೂವತ್ತು ಜನರಿಗೆ, ದನಿ ಏರಿಸದೆ ಹೇಳಿದರು. "ಅಳೂದಾದ್ರೆ ಅಂಗಳಕ್ಕೆ ಹೋಗಿ ಅಳಿ. ಹುಡುಗಿಗೆ ನಿದ್ದೆ ಬೇಕು."

ದೀಪಕ್ಕೆ ಎಣ್ಣೆ ನೋಡುವುದಕ್ಕೆ ಪುಟ್ಟತ್ತೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಎದ್ದೆವು. ಚಪ್ಪಲಿಯ ಸದ್ದಾಗದಂತೆ ಒಬ್ಬೊಬ್ಬರಾಗಿ ಹೊರಗೆ ಬಂದು ಅಂಗಳದ ಮಣ್ಣಿನ ಮೇಲೆ ಕೂತೆವು. ನೀತಾ ಸೆರಗನ್ನು ಬಾಯೊಳಗೆ ತುರುಕಿಕೊಂಡಿದ್ದಳು. ಸಂದೀಪ ಬಾವಿಕಟ್ಟೆಗೆ ಮುಖ ಮಾಡಿ ನಿಂತಿದ್ದ. ಗಾಳಿಮರಗಳ ಆಚೆ ಕಡಲು ಸದ್ದು ಮಾಡುತ್ತಿತ್ತು, ಅದಕ್ಕೆ ಸುಮ್ಮನಿರು ಎನ್ನಲಾಗುವುದಿಲ್ಲ. ಇಷ್ಟು ಜನ ಇಷ್ಟು ಸಣ್ಣ ದನಿಯಲ್ಲಿ ಅಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಬಹಳ ಹೊತ್ತಾದ ಮೇಲೆ ಮಂದಾಕಿನಿಯಮ್ಮ ಬಾಗಿಲಿಗೆ ಬಂದರು. "ನಿದ್ದೆ ಹತ್ತಿತು" ಎಂದರು. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡು, ಮೆಟ್ಟಿಲಿಳಿದು, ನಮ್ಮ ನಡುವೆ ಬಂದು ನೆಲದ ಮೇಲೆ ಕೂತರು. ಆಮೇಲೆ ಅತ್ತರು.